ಗ್ಯಾಸ್ ಒಲೆ ಫಿಟಿಂಗ್: ಯಾವುದು ಮೊದಲು, ಯಾವುದಕ್ಕೆ ಎಷ್ಟು ಖರ್ಚು

ಬಳ್ಳಾರಿ ಕಡೆಯಿಂದ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. "ಒಲೆ ತಂದಾಯ್ತು, ಗ್ರಾನೈಟ್ ಕೂರಿಸಿ ಆಯ್ತು. ಈಗ ಏಜೆನ್ಸಿ ಮೆಕ್ಯಾನಿಕ್ ಬಂದು ಇಲ್ಲಿ ಫಿಟ್ ಮಾಡೋಕಾಗಲ್ಲ ಅಂತಿದ್ದಾನೆ. ಮತ್ತೆ ಒಡೀಬೇಕಾ? ಎಷ್ಟಾಗುತ್ತೆ?"

ಒಲೆ ಜೋಡಿಸುವ ಕೂಲಿ ನೂರಿನ್ನೂರು ರೂಪಾಯಿ ಮಾತು, ಅಷ್ಟೇ. ದುಡ್ಡು ಸೋರುವುದು ಕೆಲಸದ ಸರದಿ ತಪ್ಪಿದಾಗ. ಜಾಗ ಅಳೆಯದೆ ಒಲೆ ಕೊಳ್ಳುತ್ತಾರೆ, ಒಲೆ ಕೈಗೆ ಬರದೆ ಕಲ್ಲು ಕತ್ತರಿಸುತ್ತಾರೆ, ರಸೀದಿ ನೋಡದೆ ದುಡ್ಡು ಎಣಿಸಿ ಕೊಡುತ್ತಾರೆ. ಆಮೇಲೆ ಒಂದೊಂದನ್ನೂ ಎರಡೆರಡು ಸಲ ಮಾಡಿಸಬೇಕಾಗುತ್ತದೆ. ಹಾಗಾಗಿ ಇಲ್ಲಿ ಸರದಿ ಪ್ರಕಾರವೇ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಲೆಕ್ಕ ಒಂದೇ. ಗ್ಯಾಸಿನ ಬೆಲೆ ಮಾತ್ರ ಊರಿಂದ ಊರಿಗೆ ಆಚೀಚೆ ಆಗುತ್ತದೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಅಳತೆ ಟೇಪು, ಟಾರ್ಚ್, ಒಂದು ಬಟ್ಟಲು ಸೋಪಿನ ನೀರು, ಹಳೇ ಟೂತ್‌ಬ್ರಶ್, ಪೆನ್ನು, ಕಾಗದ. ಮೊಬೈಲ್ ಫೋಟೊ ತೆಗೆಯಲು ಮಾತ್ರ, ಅದೂ ಸಿಲಿಂಡರ್ ಕವಾಟ ಮುಚ್ಚಿರುವಾಗ. ಸ್ಪ್ಯಾನರ್, ಇಕ್ಕಳ ಮೆಕ್ಯಾನಿಕ್ ತರುತ್ತಾನೆ. ನೀವು ಅದನ್ನು ಮುಟ್ಟುವ ಅಗತ್ಯವಿಲ್ಲ. ನಿಮ್ಮ ಕೆಲಸ ನೋಡುವುದು, ಕೇಳುವುದು, ಬರೆದಿಟ್ಟುಕೊಳ್ಳುವುದು.

## ಹಂತ 1: ಒಲೆಗಿಂತ ಮೊದಲು ಜಾಗ

ಅಂಗಡಿಗೆ ಹೋಗುವ ಮುನ್ನ ಅಡುಗೆಮನೆಯಲ್ಲಿ ನಿಂತು ನಾಲ್ಕು ವಿಷಯ ನೋಡಿ.

ಒಂದು, ಎತ್ತರ. ಒಲೆ ಯಾವತ್ತೂ ಸಿಲಿಂಡರ್‌ಗಿಂತ ಮೇಲಿರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಉರಿ ನೆಲಮಟ್ಟದಲ್ಲೇ ಇದ್ದರೆ ಆ ಗ್ಯಾಸ್ ಸೀದಾ ಉರಿಗೇ ಬರುತ್ತದೆ.

ನಮ್ಮ ಕಡೆ ತಪ್ಪು ಆಗುವುದೇ ಇಲ್ಲಿ. ಜೋಳದ ರೊಟ್ಟಿ ಕೂತು ಬಡಿದೇ ರೂಢಿ. ಅತ್ತೆಗೋ ಅವ್ವನಿಗೋ ನಿಂತರೆ ಮಂಡಿ ನೋವು. ಹಾಗಾಗಿ ಒಲೆ ನೆಲಕ್ಕೆ ಇಳಿಯುತ್ತದೆ, ಸಿಲಿಂಡರ್ ಅದರ ಪಕ್ಕದಲ್ಲಿ ಮೊಳ ದೂರದಲ್ಲಿ ನಿಲ್ಲುತ್ತದೆ, ಪೈಪು ಕಾದ ಹಂಚಿನ ಹತ್ತಿರವೇ ಸುತ್ತಿ ಬಿದ್ದಿರುತ್ತದೆ. ಮೆಕ್ಯಾನಿಕ್ ಇದನ್ನು ನೋಡಿ ಫಿಟಿಂಗ್ ಬೇಡ ಅಂದರೆ ಅವನ ಮೇಲೆ ಸಿಟ್ಟಾಗಬೇಡಿ, ಅವನು ಹೇಳುವುದು ಸರಿ. ಹೊಸದಾಗಿ ಕಟ್ಟೆ ಹಾಕಿಸುತ್ತಿದ್ದರೆ ಮಾಮೂಲಿ ಅಳತೆಗಿಂತ ಎರಡು ಇಂಚು ತಗ್ಗಿಸಿ, ರೊಟ್ಟಿ ಬಡಿಯುವ ಕಲ್ಲಿಗೆ ಒಲೆಯ ಬಲಗಡೆ ಎರಡಡಿ ಜಾಗ ಬಿಡಿಸಿ. ಮನೆಯಲ್ಲಿ ರೊಟ್ಟಿ ಮಾಡುವವರನ್ನೇ ನಿಲ್ಲಿಸಿ ಎತ್ತರ ಗುರುತು ಹಾಕಿಸಿ. ಗಾರೆಯವನ ಅಂದಾಜಿಗೆ ಬಿಡಬೇಡಿ, ಅವನು ರೊಟ್ಟಿ ಬಡಿಯುವುದಿಲ್ಲ. ಎಷ್ಟೇ ತಗ್ಗಿಸಿದರೂ ಕಟ್ಟೆಯ ಮಟ್ಟ ಸಿಲಿಂಡರ್ ತಲೆಗಿಂತ ಮೇಲೇ ಇರಲಿ. ರೆಗ್ಯುಲೇಟರ್ ಸೇರಿಸಿ ಸಿಲಿಂಡರ್ ಎರಡಡಿಗಿಂತ ಜಾಸ್ತಿ ಎತ್ತರ ಬರುತ್ತದೆ.

ಎರಡು, ದೂರ. ಸಿಲಿಂಡರ್ ಇಡುವ ಜಾಗದಿಂದ ಒಲೆಯ ಪೈಪು ಸಿಕ್ಕಿಸುವ ಮೂತಿವರೆಗೆ ಟೇಪು ಹಿಡಿಯಿರಿ. ಸೀದಾ ಗೆರೆಯಲ್ಲಿ ಅಲ್ಲ, ಪೈಪು ಹೋಗುವ ದಾರಿಯಲ್ಲೇ ಅಳೆಯಿರಿ. ರಬ್ಬರ್ ಪೈಪು ಸಿಗುವುದು 1.2 ಮೀಟರ್ ಇಲ್ಲವೇ 1.5 ಮೀಟರ್. ಅದಕ್ಕಿಂತ ಉದ್ದ ಬೇಕಾಗುವ ಜಾಗ ಅಂದರೆ ಆ ಜಾಗವೇ ತಪ್ಪು. ಎರಡು ಪೈಪು ಜೋಡಿಸುವುದು, ನಡುವೆ ಟಿ ಆಕಾರದ ಜಾಯಿಂಟ್ ಹಾಕಿ ಎರಡು ಒಲೆಗೆ ಕೊಡುವುದು ಎರಡೂ ಬೇಡ.

ಮೂರು, ಗಾಳಿ. ಕೆಳಗೆ ನೆಲಮಟ್ಟದಲ್ಲಿ ಗಾಳಿ ಹೊರಹೋಗಲು ದಾರಿ ಇರಬೇಕು. ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದೆಯಲ್ಲ, ಗಾಳಿ ಆಡುತ್ತದೆ ಅಂತ ಸಮಾಧಾನ ಪಡುವವರಿದ್ದಾರೆ. ಹೊಗೆಗೆ ಅದು ಸರಿ, ಸೋರಿದ ಗ್ಯಾಸಿಗೆ ಅದರಿಂದ ಉಪಯೋಗವಿಲ್ಲ. ಬಾಗಿಲ ಕೆಳಗಿನ ಸಂದು, ನೆಲದ ಹತ್ತಿರದ ಜಾಲಿ, ಇವೇ ಲೆಕ್ಕಕ್ಕೆ ಬರುವುದು. ಸಿಲಿಂಡರನ್ನು ಕಟ್ಟೆ ಕೆಳಗಿನ ಕಪಾಟಿನಲ್ಲಿ ಇಡುವುದಾದರೆ ಕಪಾಟಿಗೆ ಮೇಲೂ ಕೆಳಗೂ ಜಾಲಿ ಇರಬೇಕು. ಹೊಸ ಮಾಡ್ಯುಲರ್ ಕಿಚನ್‌ಗಳಲ್ಲಿ ಬಾಗಿಲು ಎಷ್ಟು ಬಿಗಿ ಅಂದರೆ ಒಂದು ಇರುವೆ ನುಗ್ಗಲ್ಲ. ಬಡಗಿಗೆ ಮೊದಲೇ ಹೇಳಿದರೆ ಜಾಲಿ ಪುಕ್ಕಟೆ ಬರುತ್ತದೆ, ಆಮೇಲೆ ಹೇಳಿದರೆ ಬಾಗಿಲನ್ನೇ ಬದಲಿಸುವ ಲೆಕ್ಕ ಹೇಳುತ್ತಾನೆ.

ನಾಲ್ಕು, ಸುತ್ತಮುತ್ತ. ಸಿಲಿಂಡರ್ ಪಕ್ಕ ಫ್ರಿಜ್ ಬೇಡ, ದೇವರ ದೀಪ ಬೇಡ, ಮೋರಿ ಬಾಯಿ ಬೇಡ. ನೆಲ ತಗ್ಗಾಗಿರುವ ಮೂಲೆ, ಹೊಂಡ ಬೇಡ. ಸಿಲಿಂಡರ್ ನೆಟ್ಟಗೆ, ಸಮನೆಲದ ಮೇಲೆ ನಿಲ್ಲಬೇಕು. ಮಲಗಿಸಿ ಬಳಸಬಾರದು.

ಇಷ್ಟು ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕಟ್ಟೆಯ ಉದ್ದ, ಅಗಲ, ಎತ್ತರ, ಪೈಪು ದಾರಿಯ ಉದ್ದ. ಅಂಗಡಿಗೂ ಏಜೆನ್ಸಿಗೂ ಆ ಚೀಟಿ ತಗೊಂಡೇ ಹೋಗಿ.

## ಹಂತ 2: ಕನೆಕ್ಷನ್ ಲೆಕ್ಕವನ್ನು ಬೇರೆ ಮಾಡಿ

"ಎಲ್ಲಾ ಸೇರಿ ಇಷ್ಟಾಗ್ತೈತ್ರಿ ಅಕ್ಕಾ, ನೀವು ತಲಿ ಕೆಡಿಸ್ಕೋಬ್ಯಾಡ್ರಿ" ಅಂತ ಕೌಂಟರಿನ ಹುಡುಗ ಒಂದು ಮೊತ್ತ ಹೇಳುತ್ತಾನೆ. ತಲೆ ಕೆಡಿಸಿಕೊಳ್ಳಬೇಕಾದ್ದು ಅಲ್ಲೇ. ಆ ಮೊತ್ತದಲ್ಲಿ ಮೂರು ಥರದ ದುಡ್ಡಿದೆ: ವಾಪಸ್ ಬರುವ ಠೇವಣಿ, ನಿಮ್ಮದಾಗುವ ಸಾಮಾನು, ಕೂಲಿ. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ.

ಠೇವಣಿ: 14.2 ಕಿಲೋ ಸಿಲಿಂಡರ್ ಒಂದಕ್ಕೆ 2,200 ರೂಪಾಯಿ, ರೆಗ್ಯುಲೇಟರ್‌ಗೆ 250. 2022ರ ಜೂನ್‌ನಲ್ಲಿ ಏರಿದ ದರ ಇದು. ಅದಕ್ಕೂ ಮೊದಲು 1,450 ಮತ್ತು 150 ಇತ್ತು. ಎರಡನೇ ಸಿಲಿಂಡರ್ ಬೇಕಾದರೆ ಮತ್ತೆ 2,200. ಕನೆಕ್ಷನ್ ಬಿಡುವಾಗ ಈ ದುಡ್ಡು ವಾಪಸ್ ಬರುತ್ತದೆ. ಆದರೆ ಅಂದು ಕಟ್ಟಿದ್ದಷ್ಟೇ ಬರುವುದು, ಇಂದಿನ ದರ ಅಲ್ಲ. ಠೇವಣಿ ಕಟ್ಟಿದ್ದಕ್ಕೆ ಕೊಡುವ ವೋಚರ್ ಕಾಗದವನ್ನು ಮನೆ ಪತ್ರದ ಜೊತೆ ಎತ್ತಿಡಿ. ಅದು ಕಳೆದರೆ ಅಫಿಡವಿಟ್ ಮಾಡಿಸಲು ಓಡಾಟ.

ಸಾಮಾನು: ಐಎಸ್‌ಐ ಗುರುತಿನ ಸುರಕ್ಷಾ ಪೈಪು 200 ರೂಪಾಯಿ ಒಳಗೆ, ಗ್ರಾಹಕರ ಪುಸ್ತಕ ಸುಮಾರು 25.

ಕೂಲಿ: ಮನೆಗೆ ಬಂದು ಜೋಡಿಸಿ, ಹಚ್ಚಿ ತೋರಿಸುವುದಕ್ಕೆ ಜಿಎಸ್‌ಟಿ ಸೇರಿ ಸುಮಾರು 120 ರೂಪಾಯಿ. ಇದಕ್ಕೆ ಮೊದಲ ಸಿಲಿಂಡರಿನ ಗ್ಯಾಸ್ ಬೆಲೆ ಸೇರಿಸಿ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ಹಾಗಾಗಿ ಏಜೆನ್ಸಿಯ ಗೋಡೆ ಮೇಲಿನ ದರಪಟ್ಟಿ ಓದಿ. ಕೌಂಟರ್ ಮುಂದೆ ಹತ್ತು ಜನ ನಿಂತಿದ್ದರೂ ಪರವಾಗಿಲ್ಲ, ಓದಿ.

ಒಟ್ಟಿನಲ್ಲಿ ಗ್ಯಾಸ್ ಬೆಲೆ, ಒಲೆ ಬೆಲೆ ಬಿಟ್ಟರೆ ಒಂದು ಸಿಲಿಂಡರಿನ ಕನೆಕ್ಷನ್‌ಗೆ 2,800 ರೂಪಾಯಿ ಆಸುಪಾಸು. ಅದರಲ್ಲಿ 2,450 ಠೇವಣಿ. ಇದರ ಮೇಲೆ ಸಾವಿರ, ಎರಡು ಸಾವಿರ ಹೇಳಿದರೆ ಏನೋ ಬೇರೆ ಸೇರಿಸಿದ್ದಾರೆ ಅಂತಲೇ ಅರ್ಥ. ಸಾಮಾನ್ಯವಾಗಿ ಅದು ಒಲೆ. ಕೆಲವು ಕಡೆ ಲೈಟರ್, ಏಪ್ರನ್, ಚಹಾಪುಡಿ ಪ್ಯಾಕೆಟ್ ಕೂಡ ಬಿಲ್ಲಿಗೆ ಹತ್ತಿಕೊಂಡಿರುತ್ತದೆ. ಏಜೆನ್ಸಿಯಲ್ಲೇ ಒಲೆ ಕೊಳ್ಳಬೇಕು ಅಂತ ಯಾವ ನಿಯಮವೂ ಇಲ್ಲ. ಹೊರಗೆ ಕೊಂಡ ಒಲೆಯನ್ನು ತಪಾಸಣೆ ಮಾಡುವುದಕ್ಕೆ ಅವರು ಒಂದು ಶುಲ್ಕ ಕೇಳಬಹುದು. ಕೊಡಿ, ರಸೀದಿ ತಗೊಳ್ಳಿ. ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳ ಹೆಸರಲ್ಲಿ ಉಜ್ವಲ ಯೋಜನೆಗೆ ಅರ್ಹತೆ ಇದ್ದರೆ ಈ ಠೇವಣಿ ಕಟ್ಟುವ ಹಾಗೇ ಇಲ್ಲ, ಅದನ್ನು ಮೊದಲು ವಿಚಾರಿಸಿ.

ಬಾಡಿಗೆ ಮನೆಯವರಿಗೆ ಒಂದು ಮಾತು. ಗಂಗಾವತಿಯಿಂದ ಬಳ್ಳಾರಿಗೆ ಬಂದು, ಅಲ್ಲಿನ ಸಿಲಿಂಡರನ್ನೇ ಟೆಂಪೋದಲ್ಲಿ ಹಾಕಿಕೊಂಡು ಬಂದು ಇಲ್ಲಿ ಜೋಡಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಬೇರೆ ಊರಿಗೆ ಹೋಗುವಾಗ ಹಳೇ ಏಜೆನ್ಸಿಯಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಠೇವಣಿ ವಾಪಸ್ ಪಡೆದು, ಹೊಸ ಊರಲ್ಲಿ ಈಗಿನ ದರದಲ್ಲಿ ಮತ್ತೆ ಕಟ್ಟಬೇಕು. ಒಂದೇ ಊರಲ್ಲಿ, ಒಂದೇ ಏಜೆನ್ಸಿ ವ್ಯಾಪ್ತಿಯಲ್ಲಿ ಮನೆ ಬದಲಿಸಿದರೆ ವಿಳಾಸ ಬದಲಿಸಿದರೆ ಸಾಕು. ಇದು ಸುಮ್ನೆ ಕಾಗದದ ಕೆಲಸ ಅಲ್ಲ. ಅನಾಹುತವಾದರೆ ತೈಲ ಕಂಪನಿಗಳ ವಿಮೆಯಲ್ಲಿ ಸಾವಿಗೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ ಪರಿಹಾರವಿದೆ. ಆಸ್ತಿ ನಷ್ಟದ ಪರಿಹಾರ ಸಿಗುವುದು ನೋಂದಾಯಿತ ವಿಳಾಸಕ್ಕೆ.

## ಹಂತ 3: ಈಗ ಒಲೆ ಕೊಳ್ಳಿ

ಒಲೆಯ ಮೇಲೆ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4246 ಅನ್ನುವ ಸಂಖ್ಯೆ ಇರಬೇಕು. ಸ್ಟಿಕ್ಕರ್ ಅಂಟಿಸಿದ್ದರೆ ಸಾಲದು, ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಕೂಡ ಇದೆಯಾ ನೋಡಿ. ಈ ಗುರುತಿರುವ ಒಲೆ ಕನಿಷ್ಠ 68 ಶೇಕಡಾ ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು. ಗುರುತಿಲ್ಲದ ಅಗ್ಗದ ಒಲೆಯಲ್ಲಿ ಐನೂರು ಉಳಿಸಿದ್ದು ಗ್ಯಾಸಿನಲ್ಲಿ ಹೋಗುತ್ತದೆ. ಜೊತೆಗೆ ಮೆಕ್ಯಾನಿಕ್ ಫಿಟಿಂಗ್ ಮಾಡಲು ಒಪ್ಪದಿದ್ದರೆ ಅಂಗಡಿಗೂ ಮನೆಗೂ ಆಟೋ ಬಾಡಿಗೆ.

ಬೆಲೆ ಹೀಗಿರುತ್ತದೆ. ಎರಡು ಬರ್ನರ್‌ನ ಸ್ಟೀಲ್ ಒಲೆ 1,500ರಿಂದ 3,000. ಮೂರು ಬರ್ನರ್‌ನ ಗಾಜಿನ ಒಲೆ 3,000ದಿಂದ 6,000. ಕಟ್ಟೆಯೊಳಗೆ ಹುದುಗಿಸುವ ಹಾಬ್ 8,000ದಿಂದ ಶುರು, ಮೇಲಕ್ಕೆ ಮಿತಿಯಿಲ್ಲ.

ದಿನಾ ರೊಟ್ಟಿ ಮಾಡುವ ಮನೆಗೆ ನನ್ನ ಸಲಹೆ ಸ್ಟೀಲ್ ಒಲೆ. ಗಾಜಿನದು ನೋಡಲು ಚೆಂದ, ಒರೆಸಲು ಸುಲಭ, ಅಷ್ಟು ಒಪ್ಪುತ್ತೇನೆ. ಆದರೆ ನಮ್ಮ ಕಬ್ಬಿಣದ ಹಂಚು ಬರ್ನರಿಗಿಂತ ಎರಡು ಪಟ್ಟು ಅಗಲ. ಮುಕ್ಕಾಲು ಗಂಟೆ ಜೋರು ಉರಿಯಲ್ಲಿ ಅದು ಕಾದರೆ ಬಿಸಿ ಕೆಳಗೆ ಗಾಜಿಗೇ ಬಡಿಯುತ್ತದೆ, ತಿರುವುವ ಗುಂಡಿಯೂ ಕಾಯುತ್ತದೆ. ಮೇಲೆ ರೊಟ್ಟಿಗೆ ಸವರುವ ಒದ್ದೆ ಬಟ್ಟೆಯ ನೀರು ಕಾದ ಗಾಜಿನ ಮೇಲೆ ಬೀಳುತ್ತದೆ. ಗಾಜು ಒಡೆದು ಚೂರಾಗುವುದಕ್ಕೆ ಇಷ್ಟು ಸಾಕು. ಗಾಜಿನದೇ ಬೇಕು ಅಂದರೆ ಪಾತ್ರೆ ಕೂರಿಸುವ ಕಾಲುಗಳು ಎತ್ತರವಾಗಿರುವ, ಬರ್ನರ್‌ಗಳ ನಡುವೆ ಜಾಗ ಇರುವ ಒಲೆ ಆರಿಸಿ. ಅಂಗಡಿಗೆ ಹಂಚಿನ ಅಳತೆ ಬರೆದುಕೊಂಡು ಹೋಗಿ. ಮನೆಯ ದೊಡ್ಡ ಕುಕ್ಕರ್ ಮತ್ತು ಹಂಚು ಎರಡೂ ಒಟ್ಟಿಗೆ ಕೂರಬೇಕು. ಮೂರು ಬರ್ನರ್‌ನ ಒಲೆಗಳು ಬಹುಪಾಲು ಇಲ್ಲೇ ಸೋಲುವುದು, ನಡುವಿನ ಬರ್ನರ್ ಸುಮ್ನೆ ಕೂತಿರುತ್ತದೆ.

ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಕನೆಕ್ಷನ್ ಇದ್ದರೆ ಅಂಗಡಿಯಲ್ಲಿ ಮೊದಲೇ ಹೇಳಿ. ಎರಡಕ್ಕೂ ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಬೇರೆ. ಸಿಲಿಂಡರ್ ಗ್ಯಾಸಿನ ಜೆಟ್‌ನ ತೂತು ಸಣ್ಣದು. ಅದೇ ಒಲೆಯನ್ನು ಪೈಪ್ ಗ್ಯಾಸಿಗೆ ಕೊಟ್ಟರೆ ಉರಿ ಸತ್ತ ಹಾಗೆ ಇರುತ್ತದೆ. ಪೈಪ್ ಗ್ಯಾಸಿನ ಒಲೆಯನ್ನು ಸಿಲಿಂಡರಿಗೆ ಜೋಡಿಸಿದರೆ ಉರಿ ಹಳದಿಯಾಗಿ ಮೇಲಕ್ಕೆ ನುಗ್ಗುತ್ತದೆ. ಇದು ಅಪಾಯ.

ಹಾಬ್ ಕೊಳ್ಳುವವರಿಗೆ ಒಂದೇ ನಿಯಮ: ಹಾಬ್ ಮನೆಗೆ ಬರುವವರೆಗೆ ಕಲ್ಲಿಗೆ ಮಿಷಿನ್ ಹಚ್ಚಬೇಡಿ. ಕಂಪನಿ ಪುಸ್ತಕದ ಅಳತೆ ನೋಡಿ ಕತ್ತರಿಸಿಬಿಡುತ್ತೇನೆ ಅಂತ ಗ್ರಾನೈಟಿನವನು ಅವಸರ ಮಾಡುತ್ತಾನೆ, ಅವನಿಗೆ ಇನ್ನೊಂದು ಸೈಟಿಗೆ ಹೋಗಬೇಕು. ಡಬ್ಬದೊಳಗೆ ಬರುವ ಅಳತೆಯ ಹಾಳೆಯನ್ನು ಕಲ್ಲಿನ ಮೇಲೆ ಇಟ್ಟು ಗೆರೆ ಎಳೆಸಿ, ಆಮೇಲೆ ಕತ್ತರಿಸಿ. ಅರ್ಧ ಇಂಚು ಜಾಸ್ತಿ ಕತ್ತರಿಸಿದರೆ ಹಾಬ್ ಒಳಗೆ ಜಾರುತ್ತದೆ, ಕಲ್ಲು ಪೂರ್ತಿ ಬದಲಿಸಬೇಕು. ಕುಷ್ಟಗಿ ಗ್ರಾನೈಟೇ ಆಗಲಿ, ಕಡಪಾ ಕಲ್ಲೇ ಆಗಲಿ, ಈ ಒಂದು ತಪ್ಪಿಗೆ ಒಲೆಯಷ್ಟೇ ದುಡ್ಡು ಹೋಗುತ್ತದೆ. ಕಡಪಾ ಕಲ್ಲು ಪದರ ಪದರವಾಗಿ ಏಳುವಂಥದ್ದು, ಮೂಲೆಗಳಲ್ಲಿ ಸೀಳಿಕೊಳ್ಳುತ್ತದೆ. ಕತ್ತರಿಸುವ ಜಾಗಕ್ಕೆ ಕೆಳಗಿನಿಂದ ಆಧಾರ ಕೊಡಿಸಿ. ಕಲ್ಲಿನವನ ಕೂಲಿಯಲ್ಲಿ ತೂತು ಕತ್ತರಿಸುವುದು, ಅಂಚು ಪಾಲಿಶ್ ಎರಡೂ ಸೇರಿದೆಯಾ ಅಂತ ಮೊದಲೇ ಮಾತಾಡಿ.

ಹಾಬ್‌ಗಳು ಬಹುಪಾಲು ಉರಿಗೆ ಬೇಕಾದ ಗಾಳಿಯನ್ನು ಕೆಳಗಿನಿಂದ ಎಳೆಯುತ್ತವೆ. ಕೆಳಗಿನ ಕಪಾಟು ಬಿಗಿಯಾಗಿ ಮುಚ್ಚಿದ್ದರೆ ಉರಿ ಹಳದಿಯಾಗುತ್ತದೆ, ಬಾಗಿಲು ತೆರೆದರೆ ನೀಲಿಯಾಗುತ್ತದೆ. "ಹೊಸ ಹಾಬ್ ಕೆಟ್ಟಿದೆ" ಅಂತ ದೂರು ಕೊಡುವ ಮೊದಲು ಇದನ್ನು ಪರೀಕ್ಷಿಸಿ ನೋಡಿ.

## ಹಂತ 4: ಪೈಪು ಮತ್ತು ರೆಗ್ಯುಲೇಟರ್

ರೆಗ್ಯುಲೇಟರ್ ಏಜೆನ್ಸಿಯದೇ ಆಗಿರಬೇಕು. ಅಂಗಡಿಯಲ್ಲಿ ಸಿಗುವ ಹೈ ಪ್ರೆಶರ್ ರೆಗ್ಯುಲೇಟರ್ ಹೋಟೆಲ್ ಒಲೆಗೆ. ರೊಟ್ಟಿಗೆ ಜೋರು ಉರಿ ಬೇಕು ಅಂತ ಅದನ್ನು ಮನೆ ಒಲೆಗೆ ಹಾಕುವ ಚಾಳಿ ನಮ್ಮ ಕಡೆ ಇದೆ. ಮನೆ ಒಲೆ ಆ ಒತ್ತಡಕ್ಕೆ ಮಾಡಿದ್ದಲ್ಲ.

ಪೈಪಿನ ಮೇಲೆ ಐಎಸ್ 9573 ಮತ್ತು ತಯಾರಾದ ವರ್ಷ ಅಚ್ಚಾಗಿರುತ್ತದೆ. ಓದಿ. ಇದರ ಆಯಸ್ಸು 5 ವರ್ಷ. ಹೊಸ ಕನೆಕ್ಷನ್‌ಗೆ ಎರಡು ವರ್ಷ ಗೋದಾಮಿನಲ್ಲಿ ಬಿದ್ದಿದ್ದ ಪೈಪು ಕೊಟ್ಟರೆ ಬದಲಿಸಿ ಕೇಳಿ. ಹಸಿರು, ನೀಲಿ ಬಣ್ಣದ ಪ್ಲಾಸ್ಟಿಕ್ ಪೈಪು ಎಷ್ಟು ಅಗ್ಗವಾದರೂ ಬೇಡ. ಪೈಪಿಗೆ ಬಟ್ಟೆ ಸುತ್ತುವುದು, ಪ್ಲಾಸ್ಟಿಕ್ ಕವರ್ ಹಾಕುವುದೂ ಬೇಡ. ಬಿರುಕು ಬಿಟ್ಟರೆ ಕಾಣುವುದಿಲ್ಲ.

## ಹಂತ 5: ಸಿಲಿಂಡರ್ ಹೊರಗೆ ಇಡುವುದಾದರೆ

ಹೊಸ ಬಡಾವಣೆ ಮನೆಗಳಲ್ಲಿ ಈಗ ಇದೇ ಜಾಸ್ತಿ. ಸಿಲಿಂಡರ್ ಹಿತ್ತಲಲ್ಲಿ, ಒಲೆ ಒಳಗೆ. ರಬ್ಬರ್ ಪೈಪನ್ನು ಗೋಡೆಯ ತೂತಿನಲ್ಲಿ ತೂರಿಸಿ ಕೆಲಸ ಮುಗಿಸುವವರಿಗೆ ದುಡ್ಡು ಕೊಡಬೇಡಿ. ಗೋಡೆಯೊಳಗೆ ಪೈಪು ಇಲಿ ಕಡಿದರೂ ಗೊತ್ತಾಗಲ್ಲ, ಸವೆದರೂ ಗೊತ್ತಾಗಲ್ಲ. ಗೋಡೆ ದಾಟಲು ತಾಮ್ರದಂಥ ಲೋಹದ ಪೈಪೇ ಬೇಕು, ಅದೂ ಗೋಡೆಯೊಳಗೆ ಒಂದು ತೋಳಿನಂಥ ಹೊರಪೈಪಿನಲ್ಲಿ ಹಾದು ಬರಬೇಕು.

ಇಲ್ಲಿ ಖರ್ಚು ಅಡಿ ಲೆಕ್ಕದಲ್ಲಿ ಏರುತ್ತದೆ. ಬೆಲೆ ಕೇಳುವಾಗ ಪೈಪಿನ ಅಡಿ ದರ, ಬೆಸುಗೆಯ ಜಾಯಿಂಟ್ ಎಷ್ಟು, ಒಳಗೊಂದು ಹೊರಗೊಂದು ಕವಾಟ, ಗೋಡೆ ಕೊರೆಯುವ ಕೂಲಿ, ಕ್ಲ್ಯಾಂಪು, ಕೊನೆಗೆ ಒತ್ತಡ ಪರೀಕ್ಷೆ, ಇಷ್ಟನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒತ್ತಡ ಪರೀಕ್ಷೆ ಅನ್ನುವ ಸಾಲೇ ಇಲ್ಲದ ಕೊಟೇಶನ್ ಅಗ್ಗವಾಗಿ ಕಾಣುತ್ತದೆ, ಅದನ್ನು ಬಿಡಿ. ಪೈಪು ಗೋಡೆಯ ಮೇಲೆ ಕಾಣುವಂತೆ ಹೋಗಲಿ. ಟೈಲ್ಸ್ ಕೆಳಗೆ ಹೂತರೆ ಮುಂದೊಂದು ದಿನ ಸೋರಿಕೆ ಹುಡುಕಲು ಟೈಲ್ಸ್ ಒಡೆಯಬೇಕು. ಕೆಲಸ ಶುರುವಾಗುವ ಮೊದಲೇ ಏಜೆನ್ಸಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಮುಗಿದ ಮೇಲೆ ಕರೆದರೆ ಒಪ್ಪದೇ ಹೋಗಬಹುದು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಪಶ್ಚಿಮದ ಗೋಡೆ ರಾತ್ರಿ ಎಂಟಾದರೂ ಕಾದಿರುತ್ತದೆ. ಸಿಲಿಂಡರ್ ಪೂರ್ವ ಇಲ್ಲವೇ ಉತ್ತರದ ಕಡೆ ನೆರಳಿನಲ್ಲಿರಲಿ. ಮೇಲೆ ತಗಡು ಹೊದಿಸಿದರೆ ಸಾಲದು, ಬಿಸಿಲು ತಾಗದ ಹಾಗೆ ಗಾಳಿಯಾಡುವ ಜಾಲಿ ಗೂಡು ಮಾಡಿಸಿ.

## ಹಂತ 6: ಮೆಕ್ಯಾನಿಕ್ ಬಂದಾಗ

ಏಜೆನ್ಸಿಯ ಗುರುತಿನ ಚೀಟಿ ನೋಡಿ. ಅನುಮಾನ ಬಂದರೆ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ, ಅವನು ಕೊಡುವ ನಂಬರಿಗಲ್ಲ. ಆಮೇಲೆ ಕೆಲಸ ಈ ಸರದಿಯಲ್ಲಿ ಆಗಬೇಕು.

1. ಸಿಲಿಂಡರ್ ಪರೀಕ್ಷೆ. ಹಿಡಿಕೆಯ ಒಳಬದಿಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುತ್ತದೆ. ಎ ಅಂದರೆ ಮಾರ್ಚ್ ಕೊನೆ, ಬಿ ಅಂದರೆ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-30 ಅಂತಿದ್ದರೆ ಆ ಸಿಲಿಂಡರನ್ನು 2030ರ ಜೂನ್ ಒಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ದಿನ ದಾಟಿದ್ದರೆ ಬದಲಿಸಿ ಕೇಳಿ. ಖಾಲಿ ಸಿಲಿಂಡರಿನ ತೂಕವೂ ಅಲ್ಲೇ ಬರೆದಿರುತ್ತದೆ. ಅದು 15.8 ಇದ್ದರೆ ತುಂಬಿದ್ದು 30 ಕಿಲೋ ಬರಬೇಕು. ತಕ್ಕಡಿ ತರಬೇಕಾದ್ದು ಡೆಲಿವರಿಯವರ ಜವಾಬ್ದಾರಿ.

2. ಮುಚ್ಚಳ ತೆಗೆದು ವಾಷರ್ ನೋಡುವುದು. ಕವಾಟದೊಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಟಾರ್ಚ್ ಹಿಡಿದು ನೋಡಿ. ಸೀಳಿದ್ದರೆ, ಇಲ್ಲದೇ ಇದ್ದರೆ ಅಲ್ಲೇ ನಿಲ್ಲಿಸಿ. ಸೋರಿಕೆಯ ದೂರುಗಳಲ್ಲಿ ಈ ಎರಡು ರೂಪಾಯಿ ವಾಷರ್‌ನದೇ ದೊಡ್ಡ ಪಾಲು. ಮುಚ್ಚಳವನ್ನು ದಾರದಲ್ಲಿ ಸಿಲಿಂಡರಿಗೇ ಕಟ್ಟಿರುತ್ತಾರೆ, ಕಿತ್ತು ಎಸೆಯಬೇಡಿ.

3. ಪೈಪು ಜೋಡಣೆ. ಮೊದಲು ಒಲೆಯ ಮೂತಿಗೆ, ಆಮೇಲೆ ರೆಗ್ಯುಲೇಟರಿಗೆ. ಎರಡೂ ಕಡೆ ಪೈಪು ಪೂರ್ತಿ ಒಳಗೆ ಹೋಗಿರಬೇಕು. ಸಡಿಲ ಇದೆ ಅಂತ ಕ್ಲಿಪ್ಪು ಹಾಕಿ ಬಿಗಿಯಲು ಹೊರಟರೆ ಪೈಪಿನ ಅಳತೆಯೇ ಸರಿಯಿಲ್ಲ ಅಂತ ಅರ್ಥ, ಬೇರೆ ಪೈಪು ಕೇಳಿ. ಪೈಪು ಒಲೆಯ ಹಿಂದಿನಿಂದ, ಉರಿಯ ಕೆಳಗಿನಿಂದ ಹಾಯಬಾರದು. ತಿರುಚಿರಬಾರದು, ಬಿಗಿಯಾಗಿ ಎಳೆದೂ ಇರಬಾರದು.

4. ರೆಗ್ಯುಲೇಟರ್ ಕೂರಿಸುವುದು. ಗುಂಡಿ ಆಫ್ ಕಡೆ ಇರಬೇಕು. ಕಪ್ಪು ಕಾಲರ್ ಎತ್ತಿ, ಕವಾಟದ ಮೇಲೆ ಒತ್ತಿ, ಕಾಲರ್ ಬಿಟ್ಟಾಗ ಟಕ್ ಅಂತ ಸದ್ದು ಬರುತ್ತದೆ. ಎಳೆದರೆ ಬರಬಾರದು. ಇದನ್ನು ನೀವೂ ಒಮ್ಮೆ ಮಾಡಿ, ಮನೆಯಲ್ಲಿ ಅಡುಗೆ ಮಾಡುವ ಎಲ್ಲರ ಕೈಯಲ್ಲೂ ಮಾಡಿಸಿ. ಕೊಡುವ ಕೂಲಿಯಲ್ಲಿ ಈ ಪಾಠವೂ ಸೇರಿದೆ.

5. ಸೋಪಿನ ನೀರಿನ ಪರೀಕ್ಷೆ. ಒಲೆಯ ಗುಂಡಿಗಳು ಮುಚ್ಚಿರಲಿ, ರೆಗ್ಯುಲೇಟರ್ ಆನ್. ಬ್ರಶ್‌ನಲ್ಲಿ ಸೋಪಿನ ನೊರೆಯನ್ನು ಕವಾಟದ ಸುತ್ತ, ಪೈಪಿನ ಎರಡೂ ತುದಿಗೆ, ಒಲೆಯ ಗುಂಡಿಗಳ ಹಿಂದೆ ಸವರಿ. ಒಂದೆರಡು ನಿಮಿಷ ಕಾಯಿರಿ. ಸೋರಿಕೆ ಇದ್ದರೆ ನೊರೆ ಸುಮ್ಮನಿರಲ್ಲ. ಮೊದಲು ಸಾಸಿವೆ ಗಾತ್ರದ ಗುಳ್ಳೆ, ಆಮೇಲೆ ಅದು ಉಬ್ಬಿ ಒಡೆಯುತ್ತದೆ, ಅದೇ ಜಾಗದಲ್ಲಿ ಇನ್ನೊಂದು ಏಳುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ ಅದು ಗ್ಯಾಸ್, ಸುಮ್ನೆ ಬಂದ ಗುಳ್ಳೆ ಅಲ್ಲ. ಕಡ್ಡಿ ಗೀರಿ ಸೋರಿಕೆ ನೋಡುವ ಮೆಕ್ಯಾನಿಕ್ ಇನ್ನೂ ಇದ್ದಾನೆ. ಅವನನ್ನು ಅಲ್ಲೇ ತಡೆದು, ಏಜೆನ್ಸಿಗೆ ಫೋನ್ ಮಾಡಿ.

6. ಉರಿ ಹಚ್ಚುವುದು. ಎಲ್ಲಾ ಬರ್ನರ್ ಒಂದೊಂದಾಗಿ, ಆಮೇಲೆ ಒಟ್ಟಿಗೆ. ಉರಿ ನೀಲಿ ಇರಬೇಕು, ಸುತ್ತಲೂ ಸಮ ಇರಬೇಕು. ಸಣ್ಣ ಉರಿಗೆ ತಿರುಗಿಸಿದಾಗ ಆರಬಾರದು. ಬರ್ನರ್ ಬಿಟ್ಟು ಉರಿ ಮೇಲೆ ಹಾರುತ್ತಿದ್ದರೆ ಗಾಳಿ ಜಾಸ್ತಿ, ಹಳದಿ ಇದ್ದರೆ ಗಾಳಿ ಕಡಿಮೆ. ಎರಡನ್ನೂ ಅವನು ಒಲೆ ಕೆಳಗೆ ಸರಿಪಡಿಸಬಲ್ಲ. ಇಷ್ಟಾಗುವವರೆಗೆ ದುಡ್ಡು ಕೊಡಬೇಡಿ.

ಫ್ಯಾನ್ ಆಫ್ ಮಾಡಿ ಪರೀಕ್ಷಿಸಿ. ಬೇಸಿಗೆಯಲ್ಲಿ ಟೇಬಲ್ ಫ್ಯಾನ್ ಒಲೆಯತ್ತ ತಿರುಗಿಸಿ "ಉರಿ ನಿಲ್ಲಲ್ಲ" ಅಂತ ಮೆಕ್ಯಾನಿಕ್ಕನ್ನು ಎರಡನೇ ಸಲ ಕರೆಸಿದರೆ ಆ ಭೇಟಿಯ ದುಡ್ಡು ನಿಮ್ಮದೇ.

## ಹಂತ 7: ರಸೀದಿ

ಏಜೆನ್ಸಿ ಹೆಸರು, ಜಿಎಸ್‌ಟಿ ಸಂಖ್ಯೆ, ಕೆಲಸದ ವಿವರ ಇರುವ ರಸೀದಿ ಬೇಕು. ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದದ್ದು ರಸೀದಿ ಅಲ್ಲ. ವಿಮೆಗೂ, ಮುಂದೆ ಪೈಪು ತೊಂದರೆ ಕೊಟ್ಟರೂ ಇದೇ ಸಾಕ್ಷಿ. ಪುಸ್ತಕದಲ್ಲಿ ಫಿಟಿಂಗ್ ದಿನಾಂಕ, ಪೈಪಿನ ವರ್ಷ ಬರೆಸಿ.

ಸಿಲಿಂಡರ್ ಬಿಲ್ಲಿನಲ್ಲೇ ಮನೆ ಬಾಗಿಲಿಗೆ ತಲುಪಿಸುವ ಖರ್ಚು ಸೇರಿದೆ. ಎರಡನೇ ಮಹಡಿ, ಮೂರನೇ ಮಹಡಿ ಅಂತ ಬೇರೆ ದರ ಇಲ್ಲ. ಬಿಸಿಲಲ್ಲಿ ಮೂವತ್ತು ಕಿಲೋ ಹೊತ್ತು ತಂದವನಿಗೆ ಖುಷಿಯಿಂದ ಕೊಡುವುದು ಬೇರೆ ಮಾತು, ಅದು ನಿಮ್ಮಿಷ್ಟ. ಕೇಳಿ ಪಡೆಯುವ ಹಕ್ಕು ಮಾತ್ರ ಅವನಿಗಿಲ್ಲ.

## ಆಮೇಲೆ ಕಾಣುವ ಎಚ್ಚರಿಕೆಯ ಗುರುತುಗಳು

ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿದೆ. ರೊಟ್ಟಿ ಮನೆಯಲ್ಲಿ ಇದು ಬೇಗ ಆಗುತ್ತದೆ, ಜೋಳದ ಹಿಟ್ಟು ಹಾರಿ ಬರ್ನರ್ ತೂತಿಗೂ ಜೆಟ್‌ಗೂ ಕೂರುತ್ತದೆ. ಬರ್ನರ್ ತಲೆಯನ್ನು ಮನೆಯಲ್ಲೇ ಬ್ರಶ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಜೆಟ್‌ಗೆ ಪಿನ್ನು ಚುಚ್ಚಬೇಡಿ. ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬಂದು ಉರಿ ಇನ್ನೂ ಕೆಡುತ್ತದೆ. ಅದು ಮೆಕ್ಯಾನಿಕ್ ಕೆಲಸ.

ಗುಂಡಿ ಬಿಗಿಯಾದರೆ ಎಣ್ಣೆ ಬಿಡಬೇಡಿ. ಪೈಪು ಬೆರಳಲ್ಲಿ ಬಗ್ಗಿಸಿದಾಗ ಸಣ್ಣ ಗೆರೆ ಕಂಡರೆ 5 ವರ್ಷ ಆಗಿರದಿದ್ದರೂ ಬದಲಿಸಿ. ಸಿಲಿಂಡರ್ ಮಾಮೂಲಿಗಿಂತ ವಾರ ಮೊದಲೇ ಖಾಲಿಯಾದರೆ ಮೊದಲು ಸೋಪಿನ ನೀರು ಹಿಡಿಯಿರಿ, ತೂಕದ ಜಗಳ ಆಮೇಲೆ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಫ್ಯಾನ್ ಹಾಕಿ ವಾಸನೆ ಓಡಿಸೋಣ ಅನ್ನುವುದೇ ದೊಡ್ಡ ತಪ್ಪು, ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಆಫ್ ಮಾಡಿ, ಉರಿಯುತ್ತಿರುವ ಎಣ್ಣೆ ದೀಪ, ಊದುಬತ್ತಿ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ತೆಗೆಯುತ್ತಾರೆ.

5 ವರ್ಷಕ್ಕೊಮ್ಮೆ ಏಜೆನ್ಸಿಯಿಂದ ಕಡ್ಡಾಯ ತಪಾಸಣೆ ಇದೆ, ಅದಕ್ಕೆ ಜಿಎಸ್‌ಟಿ ಸೇರಿ ಇನ್ನೂರು ಚಿಲ್ಲರೆ ರೂಪಾಯಿ ಶುಲ್ಕ. ಈ ಹೆಸರು ಹೇಳಿಕೊಂಡೇ ಮಧ್ಯಾಹ್ನದ ಹೊತ್ತು, ಗಂಡಸರು ಮನೆಯಲ್ಲಿ ಇಲ್ಲದಾಗ ಟೀ ಶರ್ಟ್ ಹಾಕಿಕೊಂಡು ಇಬ್ಬರು ಬರುತ್ತಾರೆ. ಪೈಪು ಹಾಳಾಗಿದೆ ಅಂತ ಹೆದರಿಸಿ, ಗ್ಯಾಸ್ ಉಳಿಸುವ ಜಾಲರಿ, ಸೇಫ್ಟಿ ಗಾರ್ಡ್ ಅಂತ ಸಾವಿರ ರೂಪಾಯಿ ಸಾಮಾನು ಮಾರಿ ಹೋಗುತ್ತಾರೆ. ನಿಜವಾದ ತಪಾಸಣೆಯವನ ಹತ್ತಿರ ನಿಮ್ಮ ಗ್ರಾಹಕ ಸಂಖ್ಯೆ ಇರುತ್ತದೆ. ನೀವು ಹೇಳಬೇಡಿ, ಅವನೇ ಹೇಳಲಿ. ಹೇಳದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಏಜೆನ್ಸಿಗೆ ಫೋನ್ ಮಾಡಿ.